ದೊಡ್ಡಮ್ಮನ ಓಟು, ನನ್ನ ಪದವಿ

2020ರ ಡಿಸೆಂಬರ್. ವರ್ಕ್ ಫ್ರಮ್ ಹೋಮ್ ನೆಪದಲ್ಲಿ ನಾನು ತಾಳಗುಪ್ಪದ ಮನೆಯಲ್ಲಿದ್ದೆ. ಬೆಂಗಳೂರಿನಿಂದ ಹೊರಟ ರೈಲಿಗೆ ನಮ್ಮೂರೇ ಕೊನೆ, ಮುಂದೆ ಹಳಿ ಇಲ್ಲ. ನೆಟ್‌ವರ್ಕಿನ ಕಥೆಯೂ ಹೆಚ್ಚುಕಮ್ಮಿ ಅಷ್ಟೇ. 15ನೇ ತಾರೀಕು ಟಿವಿಯಲ್ಲಿ ವಿಧಾನ ಪರಿಷತ್ತಿನ ಗಲಾಟೆ ಬರ್ತಿತ್ತು. ಉಪಸಭಾಪತಿಯನ್ನು ಪೀಠದಿಂದಲೇ ಎಳೆದಾಡ್ತಿದ್ದರು.

"ಚಿಂತಕರ ಚಾವಡಿಯಂತೆ! ಇದನ್ನ ಮುಚ್ಚಿದ್ರೆ ದುಡ್ಡಾದ್ರೂ ಉಳಿಯುತ್ತೆ" ಅಂದೆ.

ಅಡಿಕೆ ಸುಲಿಯುತ್ತಿದ್ದ ದೊಡ್ಡಮ್ಮ ತಲೆ ಎತ್ತಿದಳು. "ಜಗಳ ಆತು ಅಂತ ಮನೇನೇ ಕೆಡವ್ತಾರನಾ ಅಪ್ಪಿ?"

ಅವಳು ಓದಿದ್ದು ಏಳನೇ ಕ್ಲಾಸು. ಆಗ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತಿದ್ದಳು. ಗೆದ್ದಳು ಕೂಡ. ಮರುವರ್ಷ ಡಿಸೆಂಬರ್ 10ರಂದು ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಓಟು ಹಾಕಿ ಬಂದವಳು ಫೋನ್ ಮಾಡಿದಳು. "ಬಟನ್ ಒತ್ತೋದಲ್ಲ ಮಾರಾಯ, ಹೆಸರಿನ ಮುಂದೆ 1, 2 ಅಂತ ನಂಬರ್ ಬರಿಯದು. ಅವ್ರು ಕೊಟ್ಟ ನೇರಳೆ ಪೆನ್ನಲ್ಲೇ. ಓದಿದೋರಿಗೂ ಬೇರೆ ಓಟು ಇದ್ಯಂತಲ್ಲ, ನಿಂದುಂಟಾ?"

"ನೋಡ್ತೀನಿ" ಅಂದೆ. ನಿಜ ಹೇಳಬೇಕಂದ್ರೆ ಹಾಗೊಂದು ಓಟಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಕೂತು ಓದಿದೆ. ಪರಿಷತ್ತಿನಲ್ಲಿ 75 ಜನ. 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 25 ಮಂದಿಯನ್ನು ಶಾಸಕರು, ತಲಾ 7 ಮಂದಿಯನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಮೇಲ್ಮನೆ ವಿಸರ್ಜನೆ ಆಗೋದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. ಹಾಗಾಗಿ ವಿಧಾನಸಭೆಯಲ್ಲಿ ಭರ್ಜರಿಯಾಗಿ ಗೆದ್ದ ಪಕ್ಷಕ್ಕೂ ಇಲ್ಲಿ ಬಹುಮತ ಸಿಗಲು ವರ್ಷಗಳೇ ಹಿಡಿಯಬಹುದು. ಆದರೆ ಮೇಲ್ಮನೆಯ ಕೈಯಲ್ಲಿ ಇರೋದು ಬ್ರೇಕು ಮಾತ್ರ, ಸ್ಟೇರಿಂಗ್ ಅಲ್ಲ. ಸಾಮಾನ್ಯ ಮಸೂದೆಯನ್ನು ಮೂರು ತಿಂಗಳು ಇಟ್ಟುಕೊಳ್ಳಬಹುದು. ವಿಧಾನಸಭೆ ಮತ್ತೆ ಪಾಸ್ ಮಾಡಿ ಕಳಿಸಿದರೆ ಇನ್ನೊಂದು ತಿಂಗಳು. ಹಣಕಾಸು ಮಸೂದೆಯಾದರೆ ಬರೀ 14 ದಿನ.

ಇಷ್ಟೇನಾ ಅನ್ನಿಸಿತು. ಆದರೆ ಹಿಂದೆ ತಿರುಗಿ ನೋಡಿದರೆ ಆ ಬ್ರೇಕು ಕೆಲಸ ಮಾಡಿದ್ದುಂಟು. 2020ರ ಸೆಪ್ಟೆಂಬರ್‌ನಲ್ಲಿ ಬಿಜೆಪಿ ಸರ್ಕಾರದ ಕೈಗಾರಿಕಾ ವಿವಾದಗಳ ತಿದ್ದುಪಡಿ ಮಸೂದೆ ಇಲ್ಲಿ ಬಿದ್ದುಹೋಗಿತ್ತು. ಕೆಲಸಗಾರರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕೆಂಬ ನಿಯಮವನ್ನು 100ರ ಬದಲು 300 ಜನರಿರುವ ಕಾರ್ಖಾನೆಗಳಿಗೆ ಸೀಮಿತ ಮಾಡುವ ಮಸೂದೆ ಅದು. 2024ರ ಫೆಬ್ರವರಿ 23ರಂದು ಕಾಂಗ್ರೆಸ್ ಸರ್ಕಾರದ ಮುಜರಾಯಿ ತಿದ್ದುಪಡಿ ಮಸೂದೆಗೂ ಇದೇ ಗತಿ ಆಯಿತು. ಸರ್ಕಾರ ಬೇರೆ, ಪಕ್ಷ ಬೇರೆ, ತಡೆದ ಮನೆ ಮಾತ್ರ ಒಂದೇ.

ಮುಜರಾಯಿ ಮಸೂದೆಯನ್ನು ವಿಧಾನಸಭೆ ಆರೇ ದಿನಕ್ಕೆ, ಫೆಬ್ರವರಿ 29ರಂದು, ಮತ್ತೆ ಪಾಸ್ ಮಾಡಿತು. ಹಾಗಾದರೆ ತಡೆದು ಏನು ಬಂತು? ಆ ವಾರವೇ ದೊಡ್ಡಮ್ಮನ ಫೋನ್ ಬಂದಿತ್ತು. "ನಮ್ಮೂರ ದೇವಸ್ಥಾನದ ಹುಂಡಿಗೂ ಕೈ ಹಾಕ್ತಾರಂತನಾ?" ಮೊದಲ ಬಾರಿ ಒಂದು ಮಸೂದೆಯ ವಿವರ ಹುಡುಕಿ ಓದಿದೆ. ವರ್ಷಕ್ಕೆ 10 ಲಕ್ಷದಿಂದ 1 ಕೋಟಿವರೆಗೆ ಆದಾಯವಿರುವ ಮುಜರಾಯಿ ದೇವಸ್ಥಾನದಿಂದ ಶೇ 5, ಕೋಟಿ ದಾಟಿದರೆ ಶೇ 10, ಸಾಮಾನ್ಯ ನಿಧಿಗೆ. "ನಮ್ಮ ದೇವ್ರು ಅಷ್ಟೆಲ್ಲ ದುಡಿಯಲ್ಲ ಬಿಡು" ಅಂದೆ, ಇಬ್ಬರೂ ನಕ್ಕೆವು. ಮೇಲ್ಮನೆಯಲ್ಲಿ ಸೋಲದಿದ್ದರೆ ಅದು ಸದ್ದಿಲ್ಲದೆ ಕಾನೂನಾಗುವ ದಾರಿ ಹಿಡಿಯುತ್ತಿತ್ತು, ನಾವಿಬ್ಬರೂ ಓದುತ್ತಿರಲಿಲ್ಲ.

ನಮ್ಮನೆಯಲ್ಲೂ ಹೀಗೇ. ವ್ಯಾಪಾರಿ ಬಂದು ಅಡಿಕೆಗೆ ರೇಟು ಹೇಳಿದ ಕೂಡಲೇ ದೊಡ್ಡಪ್ಪ ತಲೆಯಾಡಿಸುತ್ತಾನೆ. ದೊಡ್ಡಮ್ಮ ಒಳಗಿಂದಲೇ "ಎರಡು ದಿನ ತಡೀರಿ, ಸಾಗರದಲ್ಲಿ ಒಂದು ಮಾತು ಕೇಳನ" ಅಂತಾಳೆ. ಕೊನೆಗೆ ಮಾರುವವನು ದೊಡ್ಡಪ್ಪನೇ. ಕೆಲವು ಸಲ ಅದೇ ರೇಟಿಗೆ ಮಾರಿದ್ದೂ ಇದೆ. ಆದರೆ ಕೇಳದೆ ಮಾರಿದ್ದಿಲ್ಲ. ಆಫೀಸಿನಲ್ಲೂ ನಾನು ಬರೆದ ಕೋಡನ್ನು ಇನ್ನೊಬ್ಬರು ನೋಡದೆ ಮುಂದೆ ಬಿಡಲ್ಲ. ನಾನು ದಡ್ಡ ಅಂತಲ್ಲ, ಅವಸರದಲ್ಲಿ ಎಲ್ಲರೂ ತಪ್ಪು ಮಾಡ್ತಾರೆ ಅಂತ.

ಈ ಬ್ರೇಕನ್ನು ತಪ್ಪಿಸಿಕೊಳ್ಳುವ ದಾರಿಗಳೂ ಇವೆ. ಆ ಗಲಾಟೆಯ ಡಿಸೆಂಬರ್‌ನಲ್ಲಿ ಮೇಲ್ಮನೆಯಲ್ಲಿ ನಿಂತ ಗೋಹತ್ಯೆ ನಿಷೇಧ ಮಸೂದೆ, ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು. ವಿಧಾನಸಭೆಗೆ ಸೋತವರಿಗೆ ಪರಿಷತ್ತು ಹಿಂಬಾಗಿಲು ಅನ್ನೋ ದೂರೂ ಸುಳ್ಳಲ್ಲ. ಒಳಗೆ ಕೂತು ಪ್ರಶ್ನೆ ಕೇಳುವವರಿಲ್ಲದಿದ್ದರೆ ಆ ಮೂರು ತಿಂಗಳಿಗೆ ಬೆಲೆಯೇ ಇಲ್ಲ. ಒಳಗೆ ಕೂರುವವರನ್ನು ಆರಿಸುವುದರಲ್ಲಿ ನನಗೂ ಪಾಲಿತ್ತು.

2024ರ ಜೂನ್ 3. ಬೆಂಗಳೂರು ಪದವೀಧರ ಕ್ಷೇತ್ರದ ಮತದಾನ. ವೋಟರ್ ಐಡಿ, ಜೊತೆಗೆ ಬಿಇ ಸರ್ಟಿಫಿಕೇಟಿನ ಜೆರಾಕ್ಸ್ ಹಿಡಿದು ಠೀವಿಯಿಂದ ಹೋದೆ. ಪಟ್ಟಿಯಲ್ಲಿ ಹೆಸರಿಲ್ಲ. "ಫಾರಂ 18 ಕೊಟ್ಟಿದ್ರಾ ಸರ್?" ಅಂದರು ಅಲ್ಲಿದ್ದವರು. ಈ ಪಟ್ಟಿಯೇ ಬೇರೆ, ಪ್ರತಿ ಚುನಾವಣೆಗೂ ಹೊಸದಾಗಿ ಮಾಡ್ತಾರೆ, ನಾವೇ ಅರ್ಜಿ ಕೊಡಬೇಕು. ಹಿಂದಿನ ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷ ಆಗಿದ್ದರೆ ಸಾಕಿತ್ತು. ನನಗೆ ಏಳು ವರ್ಷ ಆಗಿತ್ತು.

ಸಂಜೆ ದೊಡ್ಡಮ್ಮನಿಗೆ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. "ಮೂರು ವರ್ಷದ ಹಿಂದೆನೇ ಕೇಳಿದ್ನಲ್ಲೋ, ನಿಂದುಂಟಾ ಅಂತ" ಅಂದಳು ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಮರುದಿನ ಆಫೀಸಲ್ಲಿ ಕೇಳಿದೆ. ನಮ್ಮ ಟೀಮಿನ ಒಂಬತ್ತು ಜನ ಪದವೀಧರರಲ್ಲಿ ಓಟು ಹಾಕಿದ್ದು ಒಬ್ಬಳೇ. ಮೇಲ್ಮನೆ ಮುಚ್ಚಬೇಕು ಅಂತ ಒಂದಲ್ಲ ಒಂದು ದಿನ ಕ್ಯಾಂಟೀನಿನಲ್ಲಿ ಭಾಷಣ ಮಾಡಿದ್ದವರು ನಾನೂ ಸೇರಿ ನಾಲ್ವರು.

ಅವಧಿ ಆರು ವರ್ಷ, ನಮ್ಮ ಕ್ಷೇತ್ರದ ಮುಂದಿನ ಸರದಿ 2030ಕ್ಕೆ. 2029ರ ಅಕ್ಟೋಬರ್ 1ಕ್ಕೆ ಮೊಬೈಲಿನಲ್ಲಿ ರಿಮೈಂಡರ್ ಹಾಕಿದ್ದೇನೆ: 'ಫಾರಂ 18. ದೊಡ್ಡಮ್ಮ ಕೇಳ್ತಾಳೆ.' ನಿಮ್ಮ ಕ್ಷೇತ್ರದ ಸರದಿ ಇನ್ನೂ ಮೊದಲೇ ಇರಬಹುದು, ಒಮ್ಮೆ ನೋಡಿಕೊಳ್ಳಿ.