ಬಣ್ಣದ ಚೌಕಗಳೂ ತಾಯಂದಿರ ನೆನಪೂ

2019ರ ಅಕ್ಟೋಬರ್‌ನಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆ ಒಂದು ನಕ್ಷೆ ಪ್ರಕಟಿಸಿತು. ಬಡ ಮತ್ತು ಮಧ್ಯಮ ಆದಾಯದ 99 ದೇಶಗಳನ್ನು ಐದೈದು ಕಿ.ಮೀ. ಚೌಕಗಳಾಗಿ ಕತ್ತರಿಸಿ, 2000ದಿಂದ 2017ರವರೆಗೆ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ 12.3 ಕೋಟಿ ಮಕ್ಕಳ ಲೆಕ್ಕವನ್ನು ಅದರಲ್ಲಿ ಹಂಚಲಾಗಿತ್ತು. ಪ್ರದೇಶ ಪ್ರದೇಶಗಳ ನಡುವೆ ಇಷ್ಟೊಂದು ಅಂತರ ಇಲ್ಲದಿದ್ದರೆ ಈ ಸಾವುಗಳಲ್ಲಿ ಶೇ. 58ರಷ್ಟನ್ನು ತಪ್ಪಿಸಬಹುದಿತ್ತು ಎಂಬುದು ಅದರ ಸಾರ.

ಸಂಖ್ಯಾಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವ ನನಗೊಂದು ಚಟವಿದೆ. ಬೇರೆಯವರು ಮಾಡಿದ ಲೆಕ್ಕವನ್ನು ನಾನೂ ಒಮ್ಮೆ ಮಾಡಿ ನೋಡದಿದ್ದರೆ ಸಮಾಧಾನವಿಲ್ಲ. 99 ದೇಶಗಳು ನನ್ನ ಹಳೆಯ ಕಂಪ್ಯೂಟರಿಗೆ ಭಾರ. ಹಾಗಾಗಿ ಭಾರತದ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನಷ್ಟೇ ಅರ್ಜಿ ಹಾಕಿ ಪಡೆದು ಕೂತೆ.

ತೆರೆದು ನೋಡಿದರೆ ಒಳಗಿರುವುದು ಆಸ್ಪತ್ರೆಯ ದಾಖಲೆಯಲ್ಲ, ತಾಯಂದಿರ ನೆನಪು. 15ರಿಂದ 49 ವರ್ಷದ ಹೆಂಗಸರ ಮನೆಗೆ ಹೋಗಿ, ಹುಟ್ಟಿದ ಮಕ್ಕಳೆಷ್ಟು, ಇರುವವರೆಷ್ಟು, ಹೋದ ಮಗುವಿಗೆ ಆಗ ಎಷ್ಟು ತಿಂಗಳು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡದ್ದು. ಇಂಥ ಸಮೀಕ್ಷೆಗಳಲ್ಲಿ ಹನ್ನೆರಡನೇ ತಿಂಗಳಿನ ಲೆಕ್ಕಕ್ಕೆ ಸಾವುಗಳು ರಾಶಿ ಬೀಳುವುದುಂಟು. ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ‘ಒಂದು ವರ್ಷ ಆಗಿತ್ತು’ ಎಂಬುದು ಬಾಯಿಗೆ ಸುಲಭವಾಗಿ ಬರುವ ಮಾತು. ನಮ್ಮಜ್ಜಿ ಹೇಳುತ್ತಿದ್ದರು: ‘ಒಂಬತ್ತು ಹೆತ್ತೆ, ಐದು ಉಳಿದವು. ನಡುವಿನ ಹುಡುಗಿಗೆ ಆಗಷ್ಟೇ ನಡಿಗೆ ಬಂದಿತ್ತು.’ ಅದು ಎಷ್ಟನೇ ತಿಂಗಳು ಎಂದು ಕೇಳಿದ್ದರೆ ಅವರೇನು ಹೇಳಿಯಾರು? ಇನ್ನು ಹೆರಿಗೆಯಲ್ಲೇ ತೀರಿಕೊಂಡವಳನ್ನು ಕೇಳುವಂತೆಯೇ ಇಲ್ಲ. ಅವಳ ಮಗುವೂ ಹೋಗಿದ್ದರೆ ಈ ಕಡತದ ಮಟ್ಟಿಗೆ ಅದು ಹುಟ್ಟಿಯೇ ಇಲ್ಲ.

ಉತ್ತರಿಸಿದವರ ಗುರುತು ಸಿಗಬಾರದೆಂದು ನಕ್ಷೆಯ ಬಿಂದುಗಳನ್ನು ಬೇಕೆಂದೇ ಸರಿಸಿ ಕೊಡುತ್ತಾರೆ: ಪಟ್ಟಣಗಳಲ್ಲಿ ಎರಡು ಕಿ.ಮೀ.ವರೆಗೆ, ಹಳ್ಳಿಗಳಲ್ಲಿ ಐದರವರೆಗೆ, ನೂರಕ್ಕೊಂದು ಹಳ್ಳಿಯನ್ನು ಹತ್ತರವರೆಗೆ. ಇದು ನ್ಯಾಯವೇ. ಆದರೆ ಐದು ಕಿ.ಮೀ. ಚೌಕಗಳ ನಕ್ಷೆಯಲ್ಲಿ ಅಂಥ ಹಳ್ಳಿ ಪಕ್ಕದ ಚೌಕದಲ್ಲಿ ಹೋಗಿ ಕೂತಿರಬಹುದು! ದೇಶದ ವಿಸ್ತೀರ್ಣ ಸುಮಾರು 33 ಲಕ್ಷ ಚದರ ಕಿ.ಮೀ., ಅಂದರೆ 1.3 ಲಕ್ಷ ಚೌಕಗಳು. ಸಮೀಕ್ಷೆಯವರು ಹೋದದ್ದು 28,000ಕ್ಕೂ ಹೆಚ್ಚು ತಾಣಗಳಿಗೆ. ಉಳಿದ ಲಕ್ಷದಷ್ಟು ಚೌಕಗಳ ಬಣ್ಣವನ್ನು ಅಕ್ಕಪಕ್ಕದ ಉತ್ತರಗಳಿಂದ, ತಾಯಂದಿರ ಶಿಕ್ಷಣ, ಪಟ್ಟಣ ತಲುಪಲು ಬೇಕಾದ ಹೊತ್ತು ಮುಂತಾದ ಸುಳಿವುಗಳಿಂದ ಊಹಿಸಬೇಕು.

ಇಡೀ ದೇಶಕ್ಕೆ ನನ್ನ ಲೆಕ್ಕ ಸಮೀಕ್ಷೆಯ ವರದಿಗೇ ಹೊಂದಿತು: ಹುಟ್ಟಿದ ಸಾವಿರ ಮಕ್ಕಳಲ್ಲಿ 50 ಸಾವು. ಜಿಲ್ಲೆಗೆ ಇಳಿದಾಗ ಅಲುಗಾಡತೊಡಗಿತು. ಚೌಕಕ್ಕೆ ಇಳಿದಾಗ ಎಷ್ಟೋ ಕಡೆ ಕೈಯಲ್ಲಿ ಏನೂ ಉಳಿಯಲಿಲ್ಲ. ಸಂಶೋಧಕರು ಇದನ್ನು ಮುಚ್ಚಿಟ್ಟಿಲ್ಲ, ತಮ್ಮ ಅಂದಾಜು ಎಲ್ಲಿಂದ ಎಲ್ಲಿಯವರೆಗೆ ಜಗ್ಗಬಹುದೆಂದು ಅವರೇ ಹೇಳಿದ್ದಾರೆ. ಸಭೆಗಳ ಪರದೆಯ ಮೇಲೆ ಬರುವುದು ಮಾತ್ರ ಬರೀ ಬಣ್ಣ.

ಹಲವು ದೇಶಗಳಲ್ಲಿ ಇಂಥ ಸಮೀಕ್ಷೆ ನಡೆಸಿಕೊಡುತ್ತಿದ್ದ ಡಿಎಚ್‌ಎಸ್ ಕಾರ್ಯಕ್ರಮಕ್ಕೆ ಅಮೆರಿಕ ಸರಕಾರ 2025ರಲ್ಲಿ ಹಣ ನಿಲ್ಲಿಸಿತು. ಕೆಲವೆಡೆ ಬೇರೆ ದಾನಿಗಳು ಮುಂದೆ ಬಂದರು. ಬಾರದ ಕಡೆಗಳಲ್ಲಿ ಮುಂದಿನ ನಕ್ಷೆಗೂ ಬಣ್ಣ ತುಂಬುತ್ತಾರೆ. ಮನೆ ಬಾಗಿಲಿಗೆ ಹೋಗಿ ತಾಯಿಯನ್ನು ಕೇಳಿದವರು ಮಾತ್ರ ಇರುವುದಿಲ್ಲ.