147 ಡಾಲರ್ ಕಂದಾಯದಿಂದ ಒಂದೇ ಕೋರ್ಟಿನವರೆಗೆ

ತಾಲ್ಲೂಕು ವರದಿಗಾರನಾಗಿದ್ದಾಗ ಸಂಜೆ ಆಫೀಸಿನಿಂದ ಬರುತ್ತಿದ್ದ ಫೋನಿನಲ್ಲಿ ಮೊದಲ ಪ್ರಶ್ನೆ ಒಂದೇ: 'ಏನಪ್ಪಾ, ಇವತ್ತು ಎಲ್ಲಾದ್ರೂ ಗಲಾಟೆ ಆಯ್ತಾ?' ಗಲಾಟೆ ಆಗಿದ್ದರೆ ಮೂರು ಕಾಲಂ. ಎರಡು ಇಲಾಖೆಯವರು ಕೂತು ಮಾತಾಡಿ ಕೆಲಸ ಮುಗಿಸಿದರು ಅಂದರೆ, 'ಸರಿ ಬಿಡು, ಜಾಗ ಇದ್ರೆ ಸಂಕ್ಷಿಪ್ತದಲ್ಲಿ ಹಾಕೋಣ.' ಕಾಲೇಜಿನಲ್ಲಿ ನಮಗೆಲ್ಲ ಕಲಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಹಾಗಾಗಿ ಸಹಕಾರ ಅನ್ನುವುದನ್ನು ವರದಿ ಮಾಡುವುದು ಹೇಗೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಈ ಬರಹ ಅಂಥದ್ದೊಂದು ಪ್ರಯತ್ನ.

ಹೆಂಡತಿಯ ಕೆಲಸದ ನೆಪದಲ್ಲಿ ಅಮೆರಿಕದ ಮಿನೆಸೋಟ ರಾಜ್ಯಕ್ಕೆ ಬಂದಿದ್ದೇನೆ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಆದರೆ ಓದುವುದಕ್ಕೆ, ಊರು ಸುತ್ತುವುದಕ್ಕೆ ಯಾರೂ ಪರ್ಮಿಟ್ ಕೇಳುವುದಿಲ್ಲ. ಹಳೇ ಚಾಳಿ. ಯಾವ ಊರಿಗೆ ಹೋದರೂ ಕೆರೆ ನೋಡಿದ ಮೇಲೆ ಕಚೇರಿ ಎಲ್ಲಿದೆ ಅಂತ ಹುಡುಕುತ್ತೇನೆ. ಹಾಗೆ ಉತ್ತರದ ಕಡೆ ಹೊರಟಾಗ ಸಿಕ್ಕಿದ್ದು ಲೀಚ್ ಲೇಕ್. ಲೀಚ್ ಅಂದರೆ ಜಿಗಣೆ. ಅಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಲ್ಲೂ ಆ ಸರೋವರದ ಹೆಸರಿಗೆ ಜಿಗಣೆಗಳಿರುವ ಜಾಗ ಎಂದೇ ಅರ್ಥ. ಮಲೆನಾಡಿನ ಗೆಳೆಯರಿಗೆ ಈ ಹೆಸರು ಕೇಳಿದರೇ ಕಾಲು ತುರಿಸಬಹುದು.

ಮಿನಿಯಾಪೊಲಿಸ್‌ನಿಂದ ಕಾರಿನಲ್ಲಿ ಮೂರು ಗಂಟೆಗೂ ಸ್ವಲ್ಪ ಹೆಚ್ಚಿನ ದಾರಿ. ಬ್ರೇನರ್ಡ್ ದಾಟಿ 371ನೇ ಹೆದ್ದಾರಿಯಲ್ಲಿ ಹೋದರೆ ಸರೋವರದ ದಂಡೆಯಲ್ಲಿ ವಾಕರ್ ಅನ್ನುವ ಸಣ್ಣ ಪೇಟೆ. ಅದು ಕ್ಯಾಸ್ ಕೌಂಟಿಯ ಕೇಂದ್ರ, ಕೌಂಟಿ ಕೋರ್ಟು ಇರುವುದು ಅಲ್ಲಿ. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಕ್ಯಾಸ್ ಲೇಕ್ ಎಂಬ ಊರು. ಅಲ್ಲಿ ಇನ್ನೊಂದು ಸರ್ಕಾರದ ಆಡಳಿತ ಕಚೇರಿ, ಇನ್ನೊಂದು ಕೋರ್ಟು. ಅದು ಲೀಚ್ ಲೇಕ್ ಬ್ಯಾಂಡ್ ಆಫ್ ಒಜಿಬ್ವೆ ಎಂಬ ಬುಡಕಟ್ಟು ಸರ್ಕಾರದ್ದು. ಬ್ಯಾಂಡ್ ಅಂದರೆ ವಾದ್ಯದವರಲ್ಲ, ಬುಡಕಟ್ಟಿನ ಒಂದು ರಾಜಕೀಯ ಘಟಕ. ಇವರಿಗೆ ಚುನಾಯಿತ ಅಧ್ಯಕ್ಷರಿದ್ದಾರೆ, ಐದು ಜನರ ಮಂಡಳಿ ಇದೆ, ತಮ್ಮದೇ ಕಾನೂನಿದೆ.

ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ ಅಂದುಕೊಳ್ಳಿ. ಒಂದು ವ್ಯತ್ಯಾಸವೆಂದರೆ ಅದನ್ನು ನಡೆಸುವವರು ಚುನಾಯಿತರು, ಶೆರಿಫ್ ಕೂಡ ಚುನಾವಣೆಯಲ್ಲೇ ಗೆದ್ದು ಬರುತ್ತಾನೆ. ಲೀಚ್ ಲೇಕ್ ಮೀಸಲು ಪ್ರದೇಶ ಒಂದಲ್ಲ, ನಾಲ್ಕು ಕೌಂಟಿಗಳಲ್ಲಿ ಚಾಚಿಕೊಂಡಿದೆ. 1855ರ ಒಪ್ಪಂದದಲ್ಲಿ ಈ ಮೀಸಲು ಪ್ರದೇಶ ಹುಟ್ಟಿತು. 1889ರ ನೆಲ್ಸನ್ ಕಾಯ್ದೆ ಬಂದ ಮೇಲೆ ನೆಲವನ್ನು ತುಂಡು ತುಂಡು ಮಾಡಿ ಹಂಚಿ, ಉಳಿದದ್ದನ್ನು ಮರದ ವ್ಯಾಪಾರಿಗಳಿಗೂ ವಲಸಿಗರಿಗೂ ಮಾರಿದರು. ದೊಡ್ಡ ಪಾಲು ರಾಷ್ಟ್ರೀಯ ಅರಣ್ಯವಾಯಿತು. ಹೀಗಾಗಿ ನಕ್ಷೆಯಲ್ಲಿ ಗಡಿ ಬುಡಕಟ್ಟಿನದ್ದು, ಒಳಗಿನ ನೆಲ ಬಹುಪಾಲು ಬೇರೆಯವರದ್ದು. ಒಂದೇ ರಸ್ತೆಯಲ್ಲಿ ಮೂರು ಮನೆ ಇದ್ದರೆ ಮೂರಕ್ಕೂ ಬೇರೆ ಬೇರೆ ಕಾನೂನು ಅನ್ವಯವಾಗಬಹುದು. ಇಂಥ ಕಡೆ ಎರಡು ಸರ್ಕಾರಗಳು ಜಗಳವಾಡದೇ ಇದ್ದರೆ ಆಶ್ಚರ್ಯ.

ಜಗಳ ಆಡಿದರು. ಅದೂ ದೇಶದ ಸುಪ್ರೀಂ ಕೋರ್ಟಿನ ತನಕ, ಎರಡು ಸಲ.

ಮೊದಲನೆಯದು 1970ರ ದಶಕದ್ದು. ರಸೆಲ್ ಬ್ರಯಾನ್ ಮತ್ತು ಹೆಲೆನ್ ಬ್ರಯಾನ್ ಎಂಬ ಬಡ ದಂಪತಿ ಇಟಾಸ್ಕ ಕೌಂಟಿಯಲ್ಲಿ, ಬುಡಕಟ್ಟಿನ ಪರವಾಗಿ ಕೇಂದ್ರ ಸರ್ಕಾರ ನೋಡಿಕೊಳ್ಳುವ ಜಾಗದಲ್ಲಿ, ಟ್ರೈಲರ್ ಮನೆಯೊಂದರಲ್ಲಿ ವಾಸವಿದ್ದರು. ಕೌಂಟಿಯವರು ಆ ಮನೆಗೆ ಕಂದಾಯ ಹಾಕಿ ನೋಟಿಸ್ ಕೊಟ್ಟರು. ಮೊತ್ತ 147 ಡಾಲರ್ 95 ಸೆಂಟ್. ಕಟ್ಟಲು ದುಡ್ಡಿಲ್ಲದ ಹೆಲೆನ್ ಬಡವರ ಉಚಿತ ಕಾನೂನು ನೆರವಿನ ವಕೀಲರ ಹತ್ತಿರ ಹೋದರು. ಕೆಳಗಿನ ಕೋರ್ಟಿನಲ್ಲಿ ಸೋಲು. ರಾಜ್ಯದ ಸುಪ್ರೀಂ ಕೋರ್ಟಿನಲ್ಲೂ ಸೋಲು. 1976ರಲ್ಲಿ ದೇಶದ ಸುಪ್ರೀಂ ಕೋರ್ಟು ಮಾತ್ರ ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟಿತು. 1953ರ ಪಬ್ಲಿಕ್ ಲಾ 280 ಎಂಬ ಕಾಯ್ದೆ ಮಿನೆಸೋಟದಂಥ ಕೆಲವು ರಾಜ್ಯಗಳಿಗೆ ಮೀಸಲು ಪ್ರದೇಶದ ಅಪರಾಧ ಪ್ರಕರಣಗಳನ್ನು ನಡೆಸುವ ಅಧಿಕಾರ ಕೊಟ್ಟಿದೆ, ಕಂದಾಯ ಎತ್ತುವ ಅಧಿಕಾರ ಕೊಟ್ಟಿಲ್ಲ ಎಂದಿತು. ರಾಜ್ಯ ಎಲ್ಲಿ ಕೈ ಹಾಕಬಹುದು, ಎಲ್ಲಿ ಹಾಕಬಾರದು ಅನ್ನುವ ಗೆರೆ ಈ ತೀರ್ಪಿನಿಂದ ಸ್ಪಷ್ಟವಾಯಿತು. ಮುಂದೆ 1987ರಲ್ಲಿ ಕ್ಯಾಲಿಫೋರ್ನಿಯಾದ ಪ್ರಕರಣವೊಂದರಲ್ಲಿ ಇದೇ ಗೆರೆಯನ್ನು ಆಧರಿಸಿ ಬುಡಕಟ್ಟುಗಳು ಜೂಜು ಕೇಂದ್ರ ನಡೆಸುವ ಹಕ್ಕನ್ನು ಉಳಿಸಿಕೊಂಡವು. ಇವತ್ತು ಅಮೆರಿಕದಲ್ಲಿ ಬುಡಕಟ್ಟುಗಳ ಕ್ಯಾಸಿನೊ ಎಲ್ಲೆಲ್ಲಿ ಕಂಡರೂ ಅದರ ಬೇರಿನಲ್ಲಿ ಹೆಲೆನ್ ಬ್ರಯಾನ್ ಅವರ ಟ್ರೈಲರ್ ಮನೆ ಇದೆ.

ಎರಡನೆಯ ಜಗಳ ಕ್ಯಾಸ್ ಕೌಂಟಿಯ ಜೊತೆ. ಕೈತಪ್ಪಿದ ನೆಲವನ್ನು ಬ್ಯಾಂಡ್ ದುಡ್ಡು ಕೊಟ್ಟು ಒಂದೊಂದೇ ತುಂಡು ವಾಪಸ್ ಕೊಂಡುಕೊಳ್ಳುತ್ತಿತ್ತು. 1993ರಲ್ಲಿ ಕೌಂಟಿ ಅಂಥ 21 ತುಂಡುಗಳಿಗೆ ಕಂದಾಯ ಹಾಕಿತು. ನಮ್ಮ ನೆಲ ನಮಗೆ ಮರಳಿದ ಮೇಲೆ ನಿಮಗೇಕೆ ಕಂದಾಯ ಎನ್ನುವುದು ಬ್ಯಾಂಡಿನ ವಾದ. ಪ್ರತಿಭಟನೆ ದಾಖಲಿಸಿ 64,000 ಡಾಲರಿಗೂ ಹೆಚ್ಚು ಕಟ್ಟಿ ಕೋರ್ಟಿಗೆ ಹೋದರು. 1998ರಲ್ಲಿ ಸುಪ್ರೀಂ ಕೋರ್ಟು, ಅದೂ ಒಮ್ಮತದಿಂದಲೇ, ಕೌಂಟಿಯ ಪರ ತೀರ್ಪು ಕೊಟ್ಟಿತು. ಒಂದು ಸಲ ಮುಕ್ತ ಮಾರುಕಟ್ಟೆಗೆ ಬಂದ ನೆಲವನ್ನು ಬುಡಕಟ್ಟು ಮತ್ತೆ ಕೊಂಡ ಮಾತ್ರಕ್ಕೆ ಕಂದಾಯ ತಪ್ಪುವುದಿಲ್ಲ ಎಂದಿತು.

ಅಂದರೆ ಲೆಕ್ಕ ಸಮ. ಇಟಾಸ್ಕ ಕೌಂಟಿ ಸೋತಿತ್ತು, ಕ್ಯಾಸ್ ಕೌಂಟಿ ಗೆದ್ದಿತ್ತು. ನಮ್ಮೂರಿನ ಭಾಷೆಯಲ್ಲಿ ಹೇಳುವುದಾದರೆ ಒಬ್ಬರ ಮನೆ ನೀರು ಇನ್ನೊಬ್ಬರು ಕುಡಿಯದಿರುವಷ್ಟು ಕಹಿ ಬೆಳೆಯಲು ಇಷ್ಟು ಸಾಕಿತ್ತು.

ಆದರೆ 2006ರಲ್ಲಿ ಕ್ಯಾಸ್ ಕೌಂಟಿಯ ಜಿಲ್ಲಾ ಕೋರ್ಟೂ ಲೀಚ್ ಲೇಕ್ ಬುಡಕಟ್ಟು ಕೋರ್ಟೂ ಸೇರಿ ಒಂದು ಜಂಟಿ ಕೋರ್ಟು ಶುರು ಮಾಡಿದವು. ಹೆಸರು ವೆಲ್‌ನೆಸ್ ಕೋರ್ಟ್. ಮತ್ತೆ ಮತ್ತೆ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರಿಗಾಗಿ ಅದು. ಜಿಲ್ಲಾ ನ್ಯಾಯಾಧೀಶ ಜಾನ್ ಸ್ಮಿತ್ ಮತ್ತು ಬುಡಕಟ್ಟು ಕೋರ್ಟಿನ ನ್ಯಾಯಾಧೀಶೆ ಕೋರಿ ವಾವಾಸುಕ್ ಒಂದೇ ಪ್ರಕರಣವನ್ನು ಒಟ್ಟಿಗೆ ಕೂತು ಕೇಳಿದರು. ಎರಡು ಕೋರ್ಟು ಹಾಲ್‌ಗಳ ನಡುವೆ ವಿಡಿಯೊ ಸಂಪರ್ಕವೂ ಇತ್ತು. ಮರುವರ್ಷ, 2007ರಲ್ಲಿ, ಇಟಾಸ್ಕ ಕೌಂಟಿಯೂ ಸೇರಿಕೊಂಡು ಅಲ್ಲೂ ಇಂಥದ್ದೇ ಕೋರ್ಟು ಆರಂಭವಾಯಿತು. ಹೌದು, ಅದೇ ಇಟಾಸ್ಕ. 147 ಡಾಲರ್ ನೋಟಿಸ್ ಕೊಟ್ಟ ಕೌಂಟಿ.

ಈ ಕೋರ್ಟು ಕೆಲಸ ಮಾಡುವ ರೀತಿ ಹೀಗೆ. ಶಿಕ್ಷೆಯ ತೀರ್ಮಾನವಾದ ಮೇಲೆ ಸುಮ್ಮನೆ ಜೈಲಿಗೆ ಕಳಿಸುವ ಬದಲು ಆ ವ್ಯಕ್ತಿಯನ್ನು ಒಂದು ಕಟ್ಟುನಿಟ್ಟಾದ ಕಾರ್ಯಕ್ರಮಕ್ಕೆ ಸೇರಿಸುತ್ತಾರೆ. ಕುಡಿದಿದ್ದಾನೋ ಇಲ್ಲವೋ ಅಂತ ಪದೇ ಪದೇ ಪರೀಕ್ಷೆ, ಚಿಕಿತ್ಸೆ, ಕೆಲಸ ಹುಡುಕುವ ಜವಾಬ್ದಾರಿ, ನಿಗದಿತ ದಿನಗಳಲ್ಲಿ ನ್ಯಾಯಾಧೀಶರ ಮುಂದೆ ಹಾಜರಿ. ತಪ್ಪಿದರೆ ಶಿಕ್ಷೆ, ನಡೆದುಕೊಂಡರೆ ಎಲ್ಲರೆದುರು ಮೆಚ್ಚುಗೆ. ಸರ್ಕಾರಿ ವಕೀಲರು, ಆರೋಪಿಯ ವಕೀಲರು, ಪೊಲೀಸರು, ಪ್ರೊಬೇಷನ್ ಅಧಿಕಾರಿ, ಚಿಕಿತ್ಸೆ ಕೊಡುವವರು ಎಲ್ಲ ಒಂದು ತಂಡ. ಬುಡಕಟ್ಟಿನವರಿಗೆ ಮಾತ್ರವಲ್ಲ, ಬಿಳಿಯರಿಗೂ ಅದೇ ಕೋರ್ಟು.

ಇದನ್ನು ಓದುವಾಗ ನನಗೆ ಚಿಕ್ಕಪ್ಪನ ನೆನಪಾಯಿತು. ಒಳ್ಳೆಯ ಆಳು, ಒಳ್ಳೆಯ ಕೆಲಸಗಾರ, ಸಂಜೆಯಾದರೆ ಬೇರೆಯೇ ಮನುಷ್ಯ. 2007ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಚಿಕ್ಕಪ್ಪ ಪ್ಯಾಕೆಟ್ ಬಿಟ್ಟು ಕ್ವಾರ್ಟರ್ ಹಿಡಿದ, ಖರ್ಚು ಮಾತ್ರ ಜಾಸ್ತಿಯಾಯಿತು. ಕುಡಿದು ಬೈಕ್ ಓಡಿಸಿ ಮೂರು ಸಲ ಸಿಕ್ಕಿಬಿದ್ದ. ಮೂರು ಸಲವೂ ದಂಡ ಕಟ್ಟಿ ಬಂದ. ಅಪ್ಪ ಠಾಣೆಯಲ್ಲಿ ಕೇಳಿದರೆ, 'ನಾವು ಕೇಸ್ ಹಾಕೋದು ಅಷ್ಟೇ' ಅಂದರು. ಆಸ್ಪತ್ರೆಯಲ್ಲಿ ಕೇಳಿದರೆ, 'ಅವನಾಗೇ ಬಂದ್ರೆ ನೋಡ್ತೀವಿ.' ಪಂಚಾಯ್ತಿಯಲ್ಲಿ, 'ಮನೆ ವಿಷಯ ಅಲ್ವಾ ಸ್ವಾಮಿ.' ಅವರಾರೂ ಕೆಟ್ಟವರಲ್ಲ, ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಉತ್ತರವನ್ನೇ ಕೊಟ್ಟರು. ನಾಲ್ಕನೆಯ ಸಲ ಸಿಕ್ಕಿಬೀಳಲು ಅವನು ಉಳಿಯಲಿಲ್ಲ. ನಲವತ್ತೊಂದು ವಯಸ್ಸು.

ಲೀಚ್ ಲೇಕಿನಲ್ಲೂ ಇದ್ದ ಸಮಸ್ಯೆ ಇದೇ. ಪಬ್ಲಿಕ್ ಲಾ 280ರಿಂದಾಗಿ ಕೇಸು ನಡೆಸುವ ಅಧಿಕಾರ ಕೌಂಟಿ ಕೋರ್ಟಿಗೆ. ಆದರೆ ಆ ಮನುಷ್ಯನ ನೆಂಟರು, ಹಿರಿಯರು, ಅವನು ಮಾತು ಕೇಳುವ ಜನ ಇರುವುದು ಬುಡಕಟ್ಟಿನ ಕಡೆ. ಒಬ್ಬರ ಹತ್ತಿರ ಅಧಿಕಾರ, ಇನ್ನೊಬ್ಬರ ಹತ್ತಿರ ಮನುಷ್ಯ. ಎರಡೂ ಸೇರದಿದ್ದರೆ ಅವನು ನಡುವಿನ ಸಂದಿಯಲ್ಲಿ ಬಿದ್ದು ಹೋಗುತ್ತಾನೆ.

ನನಗೆ ಮುಖ್ಯವಾಗಿ ಕಂಡಿದ್ದು ಅವರು ಇದನ್ನು ಬಗೆಹರಿಸಿದ ಕ್ರಮ. ಯಾರ ವ್ಯಾಪ್ತಿ ದೊಡ್ಡದು ಅನ್ನುವ ಪ್ರಶ್ನೆಗೆ ಅವರು ಉತ್ತರ ಹುಡುಕಲೇ ಇಲ್ಲ. ಜಂಟಿ ಒಪ್ಪಂದ ಬಹಳ ಸರಳ. ನಮ್ಮ ನಮ್ಮ ಅಧಿಕಾರ ನಮ್ಮ ನಮ್ಮಲ್ಲೇ ಇರಲಿ, ಅದನ್ನು ಒಟ್ಟಿಗೆ ಚಲಾಯಿಸೋಣ ಅನ್ನುವುದು ಅದರ ತಿರುಳು. ಯಾರೂ ಏನನ್ನೂ ಬಿಟ್ಟುಕೊಡಲಿಲ್ಲ. ಕೌಂಟಿ ಕೋರ್ಟಿನಲ್ಲಿ ಅಮೆರಿಕದ ಬಾವುಟ, ರಾಜ್ಯದ ಬಾವುಟದ ಜೊತೆ ಬುಡಕಟ್ಟಿನ ಬಾವುಟವನ್ನೂ ಇಟ್ಟರು. ಬಾವುಟದಿಂದ ಏನಾಗುತ್ತದೆ ಅಂತ ಕೇಳಬಹುದು. ಅಪ್ಪ, ಅಜ್ಜ ಎಲ್ಲ ಕೈಕೋಳದಲ್ಲಿ ನಿಂತಿದ್ದ ಕೋರ್ಟಿನಲ್ಲಿ ತನ್ನವರ ಬಾವುಟ ಕಂಡವನಿಗೆ ಅದೇನು ಅಂತ ಗೊತ್ತಾಗುತ್ತದೆ ಅನ್ನಿಸುತ್ತದೆ.

2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ, ಬುಡಕಟ್ಟು ಆಡಳಿತಗಳನ್ನು ಗುರುತಿಸುವ ಪುರಸ್ಕಾರ ಈ ಪ್ರಯೋಗಕ್ಕೆ ಸಿಕ್ಕಿತು. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಶಿಂಗಲ್ ಸ್ಪ್ರಿಂಗ್ಸ್ ಬುಡಕಟ್ಟು ಇಂಥದ್ದೇ ಜಂಟಿ ಕೋರ್ಟನ್ನು ಮಕ್ಕಳು ಮತ್ತು ಕುಟುಂಬಗಳಿಗಾಗಿ ಮಾಡಿಕೊಂಡಿತು. ಇತ್ತ ಬುಡಕಟ್ಟು ಕೋರ್ಟಿನಲ್ಲಿದ್ದ ಕೋರಿ ವಾವಾಸುಕ್ ಅವರನ್ನು 2013ರಲ್ಲಿ ಮಿನೆಸೋಟದ ಗವರ್ನರ್ ರಾಜ್ಯದ ಜಿಲ್ಲಾ ನ್ಯಾಯಾಧೀಶೆಯಾಗಿ ನೇಮಿಸಿದರು. ಆಗ ಅವರಿಗೆ ಸಿಕ್ಕ ಪೀಠ ಇಟಾಸ್ಕ ಕೌಂಟಿಯ ಕೇಂದ್ರವಾದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿತ್ತು.

ಹಾಗಂತ ಎಲ್ಲವೂ ಸುಖಾಂತ ಅಂತ ಬರೆಯಲಾರೆ. ಕೋರ್ಟು ಒಂದಾಯಿತು, ನೆಲದ ಪ್ರಶ್ನೆ ಹಾಗೇ ಉಳಿಯಿತು. 1998ರ ತೀರ್ಪು ಹಾಗೇ ಇದೆ. ಕಳೆದ ಶತಮಾನದಲ್ಲಿ ಅಕ್ರಮವಾಗಿ ಹಸ್ತಾಂತರವಾಗಿ ಅರಣ್ಯಕ್ಕೆ ಸೇರಿದ್ದ ನೆಲದಲ್ಲಿ 11,760 ಎಕರೆಯನ್ನು ಬ್ಯಾಂಡಿಗೆ ಮರಳಿಸುವ ಕಾಯ್ದೆ ಬಂದದ್ದು 2020ರ ಡಿಸೆಂಬರಿನಲ್ಲಿ, ಅದೂ ದೇಶದ ಸಂಸತ್ತಿನಿಂದ. ಸಹಕಾರ ಅಂದರೆ ಜಗಳ ಮುಗಿಯಿತು ಅಂತಲ್ಲ. ಜಗಳ ಒಂದು ಕಡೆ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ಕೆಲಸ ನಿಲ್ಲಬಾರದು ಅನ್ನುವ ತೀರ್ಮಾನ ಅಷ್ಟೇ. ಇನ್ನೂ ಒಂದು ಮಾತು. 1976ರ ಗೆಲುವು ಇಲ್ಲದೇ ಹೋಗಿದ್ದರೆ ಕೌಂಟಿಗಳು ಬುಡಕಟ್ಟನ್ನು ಒಂದು ಸರ್ಕಾರ ಅಂತ ಎದುರು ಕೂರಿಸಿಕೊಂಡು ಮಾತಾಡುತ್ತಿದ್ದವೇ? ನನಗೆ ಅನುಮಾನ. ಕೈಯಲ್ಲಿ ಏನೂ ಇಲ್ಲದವರ ಜೊತೆ ಯಾರೂ ಒಪ್ಪಂದ ಮಾಡಿಕೊಳ್ಳುವುದಿಲ್ಲ, ಆದೇಶ ಕಳಿಸುತ್ತಾರೆ.

ನಮ್ಮ ಕಡೆಯ ಮಾತಿಗೆ ಬರುತ್ತೇನೆ. ನಾನು ವರದಿ ಮಾಡುತ್ತಿದ್ದ ಕಾಡಂಚಿನ ತಾಲ್ಲೂಕಿನಲ್ಲಿ ಸೋಲಿಗರ ಪೋಡುಗಳಿದ್ದವು. ಒಂದು ಪೋಡಿಗೆ ರಸ್ತೆ ಬೇಕಿತ್ತು. ಪಂಚಾಯ್ತಿಯವರು ಅರಣ್ಯ ಇಲಾಖೆ ಕಡೆ ತೋರಿಸಿದರು, ಇಲಾಖೆಯವರು ಪಂಚಾಯ್ತಿ ಕಡೆ. ನಾನು ಅದರ ಮೇಲೆ ನಾಲ್ಕು ವರದಿ ಬರೆದೆ, ನಾಲ್ಕಕ್ಕೂ ಒಳ್ಳೆಯ ಜಾಗ ಸಿಕ್ಕಿತು, ರಸ್ತೆ ಬರಲಿಲ್ಲ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ ಕರ್ನಾಟಕದಲ್ಲಿ ಒಂದೂ ಇಲ್ಲ. ಹಾಗಾಗಿ ಆದಿವಾಸಿ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯೂ ಇಲ್ಲಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಉಳಿದಿರುವುದು 2006ರ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು ಅದೇ ಕಾಯ್ದೆಯಿಂದ.

ಲೀಚ್ ಲೇಕಿನ ಮಾದರಿಯನ್ನು ಎತ್ತಿ ತಂದು ಇಲ್ಲಿ ನೆಡಲು ಆಗುವುದಿಲ್ಲ. ಅಲ್ಲಿಯದು ಒಪ್ಪಂದದ ಇತಿಹಾಸ, ಇಲ್ಲಿಯದು ಬೇರೆ. ಆದರೆ ವರದಿಗಾರರಾಗಿ ನಾವು ಕೇಳುವ ಪ್ರಶ್ನೆ ಬದಲಾಗಬಹುದು. ಅರಣ್ಯದಂಚಿನ ಯಾವುದೇ 'ಜಂಟಿ' ಸಮಿತಿಯ ಸಭೆಗೆ ಹೋದಾಗ ನಡಾವಳಿ ಪುಸ್ತಕ ಕೇಳಿ ತೆಗೆಸಿ ನೋಡಿ. ಅಜೆಂಡಾ ಬರೆದವರು ಯಾರು, ಹಾಡಿಯವರು ಬೇಡ ಅಂದಾಗ ಏನಾಯಿತು, ಅವರ ಮಾತು ದಾಖಲಾಗಿದೆಯೋ ಇಲ್ಲಾ ಕೊನೆಯಲ್ಲಿ ಬರೀ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡಿದ್ದಾರೋ? ಇದು ಗಲಾಟೆಯ ಸುದ್ದಿ ಅಲ್ಲ, ಒಂದೇ ದಿನಕ್ಕೆ ಸಿಗುವುದೂ ಇಲ್ಲ. ಅಲ್ಲೇ ವರದಿ ಮಾಡುತ್ತಿರುವ ನಮ್ಮ ಬ್ಯಾಚಿನವರು ಯಾರಾದರೂ ಇದನ್ನು ಹಿಡಿದು ಬರೆದರೆ, ಇಲ್ಲಿಂದ ಓದಲು ನಾನು ಕಾದಿರುತ್ತೇನೆ.