ಕಟ್ಟಡಕ್ಕೂ ಒಂದು ಪರೀಕ್ಷೆ



ನಮ್ಮಲ್ಲಿ ಮನೆಯೊಂದು ಮುಗಿಯಿತೆಂದರೆ ಮಾವಿನ ತೋರಣ ಕಟ್ಟಿ ಹಾಲುಕ್ಕಿಸುತ್ತೇವೆ. ಸಾರ್ವಜನಿಕ ಕಟ್ಟಡವಾದರೆ ಟೇಪು ಕತ್ತರಿಸಿ, ಅಮೃತಶಿಲೆಯ ಫಲಕದ ಮೇಲಿನ ಪರದೆಯನ್ನು ಸರಿಸುತ್ತೇವೆ. ಆ ಫಲಕದಲ್ಲಿ ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು, ಘನ ಉಪಸ್ಥಿತರಿದ್ದವರು ಎಲ್ಲರ ಹೆಸರೂ ಇರುತ್ತದೆ. ನಲ್ಲಿಯನ್ನು ತಿರುಗಿಸಿ ನೀರು ಬರುತ್ತದೆಯೇ ಎಂದು ನೋಡಿದವನ ಹೆಸರು ಮಾತ್ರ ಇರುವುದಿಲ್ಲ. ಎಷ್ಟೋ ವೇಳೆ ಅಂಥವನೊಬ್ಬ ಇರುವುದೇ ಇಲ್ಲ.

ಬಹಳ ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಗೆ ಹೊಸ ಕಟ್ಟಡ ಬಂದಿತು. ಉದ್ಘಾಟನೆ ವಿಜೃಂಭಣೆಯಿಂದಲೇ ನಡೆಯಿತು. ಮರುದಿನ ನೋಡಿದರೆ ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಗಳೆಲ್ಲ ಒಣಗಿವೆ. ಕೊಳವೆಬಾವಿಯ ಮೋಟಾರು ಗುಂಯ್‌ಗುಡುತ್ತಿತ್ತು, ವಿದ್ಯುತ್ತೂ ಇತ್ತು, ಟ್ಯಾಂಕಿಗೆ ಮಾತ್ರ ನೀರು ಏರುತ್ತಿರಲಿಲ್ಲ. ಬಾವಿ ಬತ್ತಿದೆ ಎಂದು ಒಬ್ಬರು, ಪೈಪು ಒಡೆದಿದೆ ಎಂದು ಇನ್ನೊಬ್ಬರು. ಹನ್ನೊಂದು ದಿನ ಹೀಗೆಯೇ ಕಳೆಯಿತು. ಅಷ್ಟರಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಹಲವು ಹುಡುಗಿಯರು ಶಾಲೆಗೆ ಬರುವುದನ್ನೇ ನಿಲ್ಲಿಸಿದ್ದರು. ಕೊನೆಗೆ ದೊಡ್ಡಬಳ್ಳಾಪುರದ ಕಡೆಯಿಂದ ಬಂದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಸ್ಟಾರ್ಟರ್ ಡಬ್ಬಿಯನ್ನು ತೆರೆದು, ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರು. ಐದು ನಿಮಿಷದಲ್ಲಿ ನೀರು ಧುಮ್ಮಿಕ್ಕಿತು. ಮೋಟಾರು ಅಷ್ಟು ದಿನವೂ ಹಿಂದುಮುಂದಾಗಿ ತಿರುಗುತ್ತಿತ್ತು!

ಅಲ್ಲಿ ನಿಂತು ನೋಡುತ್ತಿದ್ದ ಹುಡುಗರಲ್ಲಿ ಒಬ್ಬ ನನ್ನ ಬಳಿ ಬಂದು, "ಸಾರ್, ತಂತಿ ಬದಲಾಯಿಸಿದ್ರೆ ತಿರುಗೋ ದಿಕ್ಕು ಯಾಕ್ ಸಾರ್ ಬದಲಾಗುತ್ತೆ?" ಎಂದು ಕೇಳಿದ. ತ್ರೀ ಫೇಸ್ ವಿದ್ಯುತ್ತು ಪಠ್ಯದಲ್ಲಿ ಇರಲಿಲ್ಲವಾದರೂ ಅಂದು ಸಂಜೆ ಕಪ್ಪು ಹಲಗೆಯ ಮೇಲೆ ಬರೆದು ತಿಳಿಸಿದೆ. ಆ ಹುಡುಗ ಮುಂದೆ ಡಿಪ್ಲೊಮಾ ಓದಿ, ಇಂದು ಬೆಂಗಳೂರಿನಲ್ಲಿ ಮಾಡುತ್ತಿರುವ ಉದ್ಯೋಗದ ಹೆಸರೇ ಬಿಲ್ಡಿಂಗ್ ಕಮಿಷನಿಂಗ್. ಹೆಸರು ಬರೆದರೆ ಅವನಿಗೆ ಸಂಕೋಚವಾಗುತ್ತದೆ. ಅವನ ಜೊತೆಯವರಿಗೆ ಯಾರೆಂದು ಗೊತ್ತೇ ಇದೆ.

ನಮ್ಮ ನಾಡಿನಲ್ಲಿ 'ಕಟ್ಟಡ' ಮತ್ತು 'ಕಮಿಷನ್' ಎಂಬ ಎರಡು ಶಬ್ದಗಳು ಒಟ್ಟಿಗೆ ಬಂದರೆ ಜನರಿಗೆ ಬೇರೆಯೇ ಅರ್ಥ ಹೊಳೆಯುವುದು ಸಹಜ. ಇದು ಆ ಕಮಿಷನ್ ಅಲ್ಲ. ಹಡಗನ್ನು, ವಿದ್ಯುದಾಗಾರವನ್ನು ಪರೀಕ್ಷಿಸಿ ಸೇವೆಗೆ ಒಪ್ಪಿಸುವುದಕ್ಕೆ ಇಂಗ್ಲಿಷಿನಲ್ಲಿ ಆ ಶಬ್ದವಿದೆ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಆ ದಿನ ಆದದ್ದು ಕಮಿಷನಿಂಗ್. ಕಟ್ಟಡಗಳಿಗೆ ಈ ಶಬ್ದ ಬಂದದ್ದು ತಡವಾಗಿ. ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಸಂಘವಾದ ಆಶ್ರೇ 1989ರಲ್ಲಿ ಇದಕ್ಕೆ ಮೊದಲ ಮಾರ್ಗಸೂಚಿಯನ್ನು ಹೊರತಂದಿತು. 2005ರಲ್ಲಿ ಇಡೀ ಕಟ್ಟಡಕ್ಕೆ ಅನ್ವಯಿಸುವ 'ಗೈಡ್‌ಲೈನ್ 0' ಬಂದಿತು. ನಮ್ಮ ದೇಶದಲ್ಲಿ 2007ರಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಬಂದ ಮೇಲೆ, ಹಸಿರು ಕಟ್ಟಡದ ಪ್ರಮಾಣಪತ್ರಗಳು ರೂಢಿಗೆ ಬಂದ ಮೇಲೆ ಈ ಕೆಲಸಕ್ಕೆ ಬೇಡಿಕೆ ಬೆಳೆಯಿತು. ಲೀಡ್ ಎಂಬ ಪ್ರಮಾಣಪತ್ರವನ್ನು ಬಯಸುವ ಹೊಸ ಕಟ್ಟಡಕ್ಕಂತೂ ಕಮಿಷನಿಂಗ್ ಕಡ್ಡಾಯ.

ಮೇಷ್ಟರಾದ ನನಗೆ ಇದು ಅರ್ಥವಾದದ್ದು ಪರೀಕ್ಷೆಯ ರೂಪದಲ್ಲಿಯೇ. ಮೊದಲು ಪ್ರಶ್ನಪತ್ರಿಕೆ ಬೇಕು. ನನಗೆ ಏನು ಬೇಕು ಎಂದು ಮಾಲೀಕನು ಬರೆದುಕೊಡಬೇಕು: ಈ ಸಭಾಂಗಣದಲ್ಲಿ ಮುನ್ನೂರು ಜನ ಕುಳಿತರೂ ಸೆಕೆಯಾಗಬಾರದು, ವಿದ್ಯುತ್ ಹೋದರೆ ಇಷ್ಟು ಸೆಕೆಂಡಿನೊಳಗೆ ಜನರೇಟರ್ ಹೊರಬೇಕು, ಇತ್ಯಾದಿ. ಇದನ್ನು ಕಟ್ಟಡ ಮುಗಿದ ಮೇಲಲ್ಲ, ನಕ್ಷೆ ಬರೆಯುವ ಮುನ್ನವೇ ಬರೆಯಬೇಕು. ಆಮೇಲೆ ನಕ್ಷೆಯನ್ನು ಆ ಬರಹದೊಡನೆ ಹೋಲಿಸಿ ನೋಡುತ್ತಾರೆ. ಯಂತ್ರಗಳು ಬಂದಾಗ ಪಟ್ಟಿ ಹಿಡಿದು ಒಂದೊಂದನ್ನೂ ಪರಿಶೀಲಿಸುತ್ತಾರೆ. ನಂತರ ಯಂತ್ರಗಳನ್ನು ಬಿಡಿಬಿಡಿಯಾಗಿ ಓಡಿಸಿ ನೋಡುತ್ತಾರೆ. ಕೊನೆಯದು ಎಲ್ಲವನ್ನೂ ಒಟ್ಟಿಗೆ ನಡೆಸುವ ಪರೀಕ್ಷೆ. ನಿಜವಾದ ಕಷ್ಟ ಇರುವುದು ಅಲ್ಲಿಯೇ. ಮುಖ್ಯ ವಿದ್ಯುತ್ತನ್ನು ಬೇಕೆಂದೇ ಕಡಿಯುತ್ತಾರೆ. ಜನರೇಟರ್ ಏಳಬೇಕು. ಬೆಂಕಿಯ ಎಚ್ಚರಿಕೆ ಕೊಟ್ಟರೆ ಲಿಫ್ಟು ತಾನಾಗಿ ನೆಲಮಹಡಿಗೆ ಬಂದು ಬಾಗಿಲು ತೆರೆದು ನಿಲ್ಲಬೇಕು. ಹೊಗೆ ನುಗ್ಗದಂತೆ ಮೆಟ್ಟಿಲ ದಾರಿಗೆ ಗಾಳಿ ತುಂಬುವ ಫ್ಯಾನುಗಳು ಓಡಬೇಕು. ಪ್ರತಿಯೊಂದು ಯಂತ್ರವೂ ತನ್ನಷ್ಟಕ್ಕೆ ಸರಿಯಿದ್ದು, ಒಂದಕ್ಕೊಂದು ಮಾತು ಕೇಳದಿರುವುದು ಕಟ್ಟಡಗಳಲ್ಲಿ ಸಾಮಾನ್ಯವಂತೆ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ!

ಆ ಮೆಟ್ಟಿಲ ದಾರಿಯ ಲೆಕ್ಕವೊಂದನ್ನು ನನ್ನ ಶಿಷ್ಯ ನನಗೇ ಹೇಳಿಕೊಟ್ಟ. ಒಳಗಿನ ಒತ್ತಡ ಹೊರಗಿಗಿಂತ 50 ಪ್ಯಾಸ್ಕಲ್ ಹೆಚ್ಚಿದೆಯೆಂದು ಇಟ್ಟುಕೊಳ್ಳಿ. ಅದು ಸುಮಾರು 5 ಮಿಲಿಮೀಟರ್ ನೀರಿನ ಎತ್ತರಕ್ಕೆ ಸಮ, ಏನೂ ಅಲ್ಲವೆನ್ನಿಸುತ್ತದೆ. ಆದರೆ ಬಾಗಿಲಿನ ವಿಸ್ತಾರ 2 ಚದರ ಮೀಟರ್ ಇದ್ದರೆ ಅದರ ಮೇಲೆ ಬೀಳುವ ಬಲ 100 ನ್ಯೂಟನ್. ಹಿಡಿ ಬಾಗಿಲ ಅಂಚಿನಲ್ಲಿರುವುದರಿಂದ ತಳ್ಳುವವರು ಹಾಕಬೇಕಾದದ್ದು ಅದರ ಅರ್ಧ. ಬಾಗಿಲನ್ನು ತಾನಾಗಿ ಮುಚ್ಚುವ ಸ್ಪ್ರಿಂಗಿನ ಬಲ ಅದರ ಮೇಲೆ. ಫ್ಯಾನು ಎರಡು ಪಟ್ಟು ಜೋರಾಗಿ ಓಡಿದರೆ ಹೊಗೆಯೇನೋ ಬರುವುದಿಲ್ಲ, ಆದರೆ ಓಡಿಬಂದ ಅಜ್ಜಿಯೂ ಮಗುವೂ ಬಾಗಿಲು ತೆರೆಯಲಾರದೆ ಹೊಗೆಯ ಕಡೆಯಲ್ಲಿಯೇ ಉಳಿಯುತ್ತಾರೆ. ಆದ್ದರಿಂದ ಪ್ರತಿ ಮಹಡಿಯಲ್ಲಿಯೂ ತಕ್ಕಡಿಯಂಥ ಬಲಮಾಪಕವನ್ನು ಹಿಡಿಗೆ ಸಿಕ್ಕಿಸಿ ಎಳೆದು ನೋಡಬೇಕು. ಹತ್ತನೆಯ ತರಗತಿಯಲ್ಲಿ "ಒತ್ತಡ = ಬಲ / ವಿಸ್ತೀರ್ಣ" ಎಂದು ಗಟ್ಟಿ ಮಾಡಿ ಎರಡು ಅಂಕ ಪಡೆದವರೆಲ್ಲ ಇದನ್ನು ಒಮ್ಮೆ ನೆನೆಯಿರಿ.

ಆದರೆ ಅವನು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ನಗರದ ಒಂದು ಹೊಸ ಆಸ್ಪತ್ರೆಯಲ್ಲಿ ಕ್ಷಯದಂಥ ಗಾಳಿಯಿಂದ ಹರಡುವ ರೋಗದವರನ್ನು ಇರಿಸುವ ಕೋಣೆಯಿತ್ತು. ಅಂಥ ಕೋಣೆಯ ಗಾಳಿ ಹೊರಗಿನ ಹಜಾರಕ್ಕೆ ಬರಕೂಡದು; ಒಳಗೆ ಬಿಡುವ ಗಾಳಿಗಿಂತ ಹೀರಿ ಹೊರಹಾಕುವ ಗಾಳಿ ಹೆಚ್ಚಿರಬೇಕು. ಇವನು ಬಾಗಿಲ ಸಂದಿಗೆ ತೆಳುವಾದ ಕಾಗದದ ಚೂರನ್ನು ಹಿಡಿದ. ಅದು ಒಳಕ್ಕೆ ಬಾಗುವ ಬದಲು ಹೊರಕ್ಕೆ ಬಾಗಿತು. ಮಾಳಿಗೆಯ ಮೇಲೆ ಹೋಗಿ ನೋಡಿದರೆ ಗಾಳಿ ಹೀರುವ ಫ್ಯಾನು ಹಿಂದುಮುಂದಾಗಿ ತಿರುಗುತ್ತಿದೆ. ಅದೇ ಎರಡು ತಂತಿಗಳ ಕತೆ! ಈ ಬಗೆಯ ಫ್ಯಾನು ಉಲ್ಟಾ ತಿರುಗಿದರೂ ಗಾಳಿಯನ್ನು ಅದೇ ದಿಕ್ಕಿಗೆ ತಳ್ಳುತ್ತದೆ, ಪ್ರಮಾಣ ಮಾತ್ರ ಬಹಳ ಕಡಿಮೆ. ಆದ್ದರಿಂದ ಕೈಯೊಡ್ಡಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅಳೆದವನಿಗೆ ಮಾತ್ರ ತಿಳಿಯುತ್ತದೆ.

ಉದ್ಘಾಟನೆಗೆ ಆರು ದಿನ ಉಳಿದಿತ್ತು. ಆಹ್ವಾನಪತ್ರಿಕೆ ಹಂಚಿಯಾಗಿತ್ತು. ವರದಿಗೆ ಸಹಿ ಹಾಕಿ, ಆಮೇಲೆ ಸರಿಪಡಿಸೋಣ ಎಂದು ಗುತ್ತಿಗೆದಾರನ ಕಡೆಯವರು ಕೂಡಿಸಿಕೊಂಡು ಹೇಳಿದರಂತೆ. ಇವನು ದೋಷಗಳ ಪಟ್ಟಿಯಲ್ಲಿ ಬರೆದು, ಸಹಿ ಹಾಕದೆ ಎದ್ದುಬಂದ. "ತಂತಿ ಬದಲಾಯ್ಸೋಕೆ ಅರ್ಧ ಗಂಟೆ ಸಾರ್, ಬದಲಾಯ್ಸಿ ಅಂತ ಒಪ್ಪಿಸೋಕೆ ನಾಲ್ಕು ದಿನ" ಎಂದು ನಕ್ಕ. ಆ ಗುತ್ತಿಗೆದಾರ ಮುಂದಿನ ಕೆಲಸಕ್ಕೆ ಇವನ ಸಂಸ್ಥೆಯನ್ನು ಕರೆಯಲಿಲ್ಲ.

ಕಮಿಷನಿಂಗ್ ಮಾಡುವವರನ್ನು ಗುತ್ತಿಗೆದಾರನಲ್ಲ, ಮಾಲೀಕನೇ ನೇಮಿಸಬೇಕು, ಅವನಿಗೇ ವರದಿ ಒಪ್ಪಿಸಬೇಕು ಎಂದು ಹೇಳುವುದು ಇದಕ್ಕಾಗಿಯೇ. ಉತ್ತರಪತ್ರಿಕೆ ಬರೆದವನೇ ಮೌಲ್ಯಮಾಪಕನಿಗೆ ಸಂಬಳ ಕೊಟ್ಟರೆ ಅಂಕ ಹೇಗೆ ಬಂದೀತು? ಅಗ್ನಿಶಾಮಕ ಇಲಾಖೆ, ವಿದ್ಯುತ್ ಪರಿವೀಕ್ಷಣಾಲಯ ಇವರ ಒಪ್ಪಿಗೆಗಳು ಇರುತ್ತವೆಯಲ್ಲ ಎಂದು ನೀವು ಕೇಳಬಹುದು. ಅವು ಸುರಕ್ಷತೆಯ ಕನಿಷ್ಠ ನಿಯಮಗಳನ್ನು ನೋಡುತ್ತವೆ. ಕಟ್ಟಿಸಿದವರು ಕೇಳಿದ್ದು ಸಿಕ್ಕಿತೇ ಎಂದು ನೋಡುವ ಹೊಣೆ ಅವರದಲ್ಲ.

ರಾಜಾನುಕುಂಟೆಯಿಂದ ಅಷ್ಟೇನೂ ದೂರವಿಲ್ಲದ ನಮ್ಮ ವಿಮಾನ ನಿಲ್ದಾಣವನ್ನೇ ನೋಡಿ. ಅದರ ಎರಡನೆಯ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ಅಲ್ಲಿಂದ ದೇಶದೊಳಗಿನ ವಿಮಾನ ಹಾರಲು ಆರಂಭಿಸಿದ್ದು 2023ರ ಜನವರಿ 15ಕ್ಕೆ. ಹೊರದೇಶದ ವಿಮಾನಗಳು ಅಲ್ಲಿಗೆ ಬಂದದ್ದು ಅದೇ ವರ್ಷದ ಸೆಪ್ಟೆಂಬರ್ 12ರಂದು. ಆಗ ನಮ್ಮ ಬಡಾವಣೆಯಲ್ಲಿ ಹಲವರು "ಉದ್ಘಾಟನೆ ಆದ್ಮೇಲೂ ಬೀಗ ಹಾಕ್ಕೊಂಡು ಕೂತವ್ರೆ" ಎಂದು ಗೇಲಿ ಮಾಡಿದ್ದುಂಟು. ನನಗಂತೂ ಅಷ್ಟು ದೊಡ್ಡ ಕಟ್ಟಡಕ್ಕೆ ಟೇಪು ಕತ್ತರಿಸಿದ ದಿನವೇ ಜನರನ್ನು ನುಗ್ಗಿಸದೆ ಇದ್ದದ್ದು ಸರಿಯೆನ್ನಿಸಿತು.

ಇಷ್ಟೆಲ್ಲ ಬರೆಯಲು ಕಾರಣವಿದೆ. ನನ್ನ ತಮ್ಮನ ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ. ಒಂದು ಸಣ್ಣ ಕಮಿಷನಿಂಗ್ ಸಂಸ್ಥೆ ತರಬೇತಿಗೆ ಕರೆದಿತ್ತು; ಜೊತೆಗೆ ಒಂದು ಸಾಫ್ಟ್‌ವೇರ್ ಸಂಸ್ಥೆಯ ಕಚೇರಿ ಕೆಲಸವೂ ಸಿಗುವಂತಿತ್ತು, ಸಂಬಳ ಅಲ್ಲಿ ಹೆಚ್ಚು. "ಹೆಣ್ಣುಮಗು ಮಾಳಿಗೆ ಹತ್ತಿ, ರಾತ್ರಿಯೆಲ್ಲ ಸೈಟಿನಲ್ಲಿ ನಿಲ್ಲೋದೇ ಅಣ್ಣ?" ಎಂದು ತಮ್ಮ ನನ್ನ ಬಳಿ ಬಂದ. ಅವನ ಆತಂಕ ಸುಳ್ಳಲ್ಲ. ಕಟ್ಟಡ ಬಳಕೆಯಲ್ಲಿ ಇಲ್ಲದ ವೇಳೆಯಲ್ಲಿಯೇ ಎಷ್ಟೋ ಪರೀಕ್ಷೆಗಳು ನಡೆಯಬೇಕಾಗುತ್ತವೆ. ಶಿಷ್ಯನನ್ನು ಮನೆಗೆ ಕರೆಸಿ ಇಬ್ಬರನ್ನೂ ಎದುರುಬದುರು ಕೂರಿಸಿದೆ. ಅವನು ಏನನ್ನೂ ಮುಚ್ಚಿಡಲಿಲ್ಲ. ಮೊದಲ ಎರಡು ವರ್ಷ ಧೂಳು, ಏಣಿ, ಬರವಣಿಗೆ ಇಷ್ಟೇ. ಗಾಳಿ ಮತ್ತು ನೀರಿನ ಹರಿವನ್ನು ಅಳೆದು ಸಮತೋಲನಕ್ಕೆ ತರುವ ಕೆಲಸದಿಂದ ಆರಂಭಿಸುವುದು ಒಳ್ಳೆಯದು, ಐ.ಟಿ.ಐ.ನಲ್ಲಿ ರೆಫ್ರಿಜರೇಷನ್ ಓದಿದವರೂ ಅಲ್ಲಿಂದಲೇ ಮೇಲೆ ಬಂದಿದ್ದಾರೆ. ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್, ಮ್ಯಾನೋಮೀಟರ್, ಗಾಳಿಯ ವೇಗ ಅಳೆಯುವ ಅನಿಮಾಮೀಟರ್ ಕೈಗೆ ಒಗ್ಗಬೇಕು. ವಿದ್ಯುತ್ ನಕ್ಷೆ ಓದಲು ಬರಬೇಕು, ಕಟ್ಟಡದ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆಯನ್ನು ಕಲಿಯಬೇಕು. ಸ್ವಿಚ್ಚಿಗೆ ಬೀಗ ಹಾಕಿ ಚೀಟಿ ತೂಗುಹಾಕದೆ ಯಾವ ಯಂತ್ರಕ್ಕೂ ಕೈ ಹಾಕಕೂಡದು. ನಮ್ಮ ದೇಶದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಇಶ್ರೇಗೆ ಬೆಂಗಳೂರಿನಲ್ಲಿ ಶಾಖೆಯಿದೆ. ಅಲ್ಲಿನ ಉಪನ್ಯಾಸಗಳಿಗೆ ಹೋಗಬೇಕು. ಆಶ್ರೇ ಕೊಡುವ ಕಮಿಷನಿಂಗ್ ಪ್ರಮಾಣಪತ್ರದ ಪರೀಕ್ಷೆ ಕೆಲವು ವರ್ಷಗಳ ಅನುಭವದ ನಂತರದ ಮಾತು.

"ಸಹಿ ಹಾಕು ಅಂತ ಜೋರು ಮಾಡಿದ್ರೆ ಇವಳು ಏನು ಮಾಡ್ಬೇಕು?" ಎಂದು ತಮ್ಮ ಕೇಳಿದ. ನನಗೆ ಅದೇ ಸರಿಯಾದ ಪ್ರಶ್ನೆಯೆನ್ನಿಸಿತು. "ಅಳೆದ ಅಂಕಿ, ಗಂಟೆ, ಜೊತೆಗಿದ್ದವರ ಹೆಸರು, ಮೂರನ್ನೂ ಆವಾಗ್ಲೇ ಬರ್ಕೋಬೇಕು ಅಣ್ಣ. ಪುಸ್ತಕ ಕೈಲಿದ್ರೆ ಜೋರು ಮಾಡೋರ ದನಿ ಅರ್ಧ ಇಳಿಯುತ್ತೆ" ಎಂದ ಶಿಷ್ಯ. ಉಳಿದರ್ಧದ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಮಗಳು ಕಮಿಷನಿಂಗನ್ನೇ ಆರಿಸಿಕೊಂಡಳು. ಕೆಲಸಕ್ಕೆ ಸೇರಿ ಇಂದಿಗೆ ಮೂರು ವಾರ. ದೇವನಹಳ್ಳಿ ರಸ್ತೆಯ ಕಟ್ಟಡವೊಂದರಲ್ಲಿ ಗಾಳಿ ಬರುವ ಜಾಲರಿಗಳನ್ನು ಒಂದೊಂದಾಗಿ ಅಳೆದು ಬರೆಯುತ್ತಿದ್ದಾಳೆ. ಇನ್ನೂರಕ್ಕೂ ಹೆಚ್ಚು ಇವೆಯಂತೆ, ಅರ್ಧವೂ ಮುಗಿದಿಲ್ಲ. ತಮ್ಮ ರಾತ್ರಿ ಒಂಬತ್ತಾದರೆ ರಾಜಾನುಕುಂಟೆಯ ಬಸ್ ನಿಲ್ದಾಣಕ್ಕೆ ಸ್ಕೂಟರ್ ತೆಗೆದುಕೊಂಡು ಹೋಗಿ ನಿಲ್ಲುತ್ತಾನೆ. ನಿಮ್ಮಲ್ಲಿ ಯಾರಾದರೂ ಈ ಉದ್ಯೋಗದಲ್ಲಿದ್ದರೆ, ವಿಶೇಷವಾಗಿ ಹೆಣ್ಣುಮಕ್ಕಳಿದ್ದರೆ, ನನಗೆ ಒಂದು ಸಾಲು ಬರೆಯಿರಿ. ಅವಳೊಡನೆ ಮಾತನಾಡಿಸಬೇಕಾಗಿದೆ.